ಕ್ರೌನ್: ಕಿರೀಟದಿಂದ ಕಾಗದದವರೆಗೆ

ಓದುಗರ ಪತ್ರದ ಸಾರ: 1858ರಲ್ಲಿ ಭಾರತದ ಆಡಳಿತ ಈಸ್ಟ್ ಇಂಡಿಯಾ ಕಂಪನಿಯಿಂದ ‘ಬ್ರಿಟಿಷ್ ಕಿರೀಟಕ್ಕೆ’ ಹೋಯಿತು ಎಂದು ಮಗಳ ಪಾಠದಲ್ಲಿದೆ. ತಲೆಯ ಮೇಲಿಡುವ ಕಿರೀಟಕ್ಕೆ ಒಂದು ದೇಶ ಹೋಗುವುದು ಹೇಗೆ? ಪುಸ್ತಕಗಳಲ್ಲಿ ‘ಕ್ರೌನ್ 1/8’ ಎಂದು ಅಚ್ಚಾಗಿರುತ್ತದೆ, ದಂತವೈದ್ಯರೂ ಕ್ರೌನ್ ಹಾಕಬೇಕು ಅನ್ನುತ್ತಾರೆ. ಕೊರೊನಾ ವೈರಸ್ಸಿಗೂ ಈ ಮಾತಿಗೂ ನಂಟಿದೆಯೇ?

ಸಂಪಾದಕರ ಉತ್ತರ:

ಮಾನ್ಯರೇ, ಪಾಠದ ವಾಕ್ಯದಿಂದಲೇ ಶುರು ಮಾಡೋಣ. ಅಲ್ಲಿ ‘ಕಿರೀಟ’ ಎಂದು ಬರೆದದ್ದು ಸರಿಯಲ್ಲ. ಇಂಗ್ಲಿಷ್ ಕಾನೂನಿನಲ್ಲಿ ಕ್ರೌನ್ ಎಂದರೆ ರಾಜಪದವಿ, ಮತ್ತು ಆ ಪದವಿಯ ಹೆಸರಿನಲ್ಲಿ ನಡೆಯುವ ಸರ್ಕಾರ. ತಲೆಯ ಮೇಲಿನ ಒಡವೆ ಇಲ್ಲದೆಯೂ ಅದು ನಡೆಯುತ್ತದೆ. ಎಂಟನೇ ಎಡ್ವರ್ಡ್ 1936ರ ಜನವರಿ 20ರಂದು ರಾಜನಾಗಿ ಡಿಸೆಂಬರ್ 11ರಂದು ಪದವಿ ಬಿಟ್ಟ. ಅವನಿಗೆ ಕಿರೀಟಧಾರಣೆ ಆಗಲೇ ಇಲ್ಲ. ಆದರೂ ಅಷ್ಟೂ ತಿಂಗಳು ಕಾನೂನುಗಳು ಅವನ ಹೆಸರಿನಲ್ಲೇ ಜಾರಿಯಾದವು. ಈಗಿನ ದೊರೆ ಚಾರ್ಲ್ಸ್ ಕೂಡ ತಾಯಿ ತೀರಿಕೊಂಡ 2022ರ ಸೆಪ್ಟೆಂಬರ್ 8ರ ಗಳಿಗೆಯಿಂದಲೇ ರಾಜ. ಕಿರೀಟ ಇಟ್ಟದ್ದು 2023ರ ಮೇ 6ಕ್ಕೆ.

1858ರ ಆಗಸ್ಟ್ 2ರ ಕಾಯಿದೆ ಮಾಡಿದ್ದು ಇಷ್ಟು: ಕಂಪನಿಯ ಕೈಯಲ್ಲಿದ್ದ ಪ್ರದೇಶ, ಕಂದಾಯ, ಅಧಿಕಾರ ಎಲ್ಲವನ್ನೂ ರಾಣಿಯ ಹೆಸರಿಗೆ ಬರೆಸಿತು. ನಿಜವಾದ ಹಿಡಿತ ಲಂಡನ್ನಿನಲ್ಲಿ ಸಂಸತ್ತಿಗೆ ಉತ್ತರಿಸಬೇಕಾದ ಒಬ್ಬ ಮಂತ್ರಿಯ ಕೈಗೆ ಹೋಯಿತು. ಅವನೇ ಭಾರತ ಕಾರ್ಯದರ್ಶಿ. ಅವನ ಜೊತೆಗೆ 15 ಜನರ ಒಂದು ಮಂಡಲಿ. ಹಾಗಾಗಿ ‘ವಿಕ್ಟೋರಿಯಾ ರಾಣಿ ತಾನೇ ಆಳತೊಡಗಿದಳು’ ಎಂದರೂ ತಪ್ಪಾಗುತ್ತದೆ. ‘ಕಂಪನಿಯ ಆಡಳಿತ ಕೊನೆಗೊಂಡು ಬ್ರಿಟಿಷ್ ಸರ್ಕಾರದ ನೇರ ಆಡಳಿತ ಬಂತು’ ಎಂದು ಮಗಳಿಗೆ ಹೇಳಿಕೊಡಿ. ಪರೀಕ್ಷೆಯಲ್ಲೂ ಧೈರ್ಯವಾಗಿ ಬರೆಯಲಿ.

ಮೈಸೂರಿನ ವಿಷಯಕ್ಕೆ ಬಂದರೆ ಇನ್ನೂ ಎಚ್ಚರ ಬೇಕು. ಧಾರವಾಡ, ಬಳ್ಳಾರಿ, ಮಂಗಳೂರು, ಕೊಡಗು ಬ್ರಿಟಿಷ್ ಇಂಡಿಯಾದ ಭಾಗ. ಮೈಸೂರು ಸಂಸ್ಥಾನ ಹಾಗಲ್ಲ. 1831ರಿಂದ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದು 1881ರಲ್ಲಿ ಒಡೆಯರಿಗೆ ಮರಳಿತು. 1937ರ ಏಪ್ರಿಲ್‌ನಿಂದ ಸಂಸ್ಥಾನಗಳ ವ್ಯವಹಾರಕ್ಕೆಂದೇ ವೈಸರಾಯರಿಗೆ ‘ಕ್ರೌನ್ ರೆಪ್ರೆಸೆಂಟೆಟಿವ್’ ಎಂಬ ಬೇರೆ ಹುದ್ದೆಯೂ ಇತ್ತು. ಹಳೆಯ ಕಡತಗಳಲ್ಲಿ ಈ ಹೆಸರು ಕಂಡವರು ‘ಕಿರೀಟದ ಪ್ರತಿನಿಧಿ’ ಎಂದು ಕನ್ನಡಿಸಬೇಡಿ. ‘ಬ್ರಿಟಿಷ್ ರಾಜಸತ್ತೆಯ ಪ್ರತಿನಿಧಿ’ ಎಂದರೆ ಓದುವವರಿಗೆ ಅರ್ಥವಾಗುತ್ತದೆ. ಕೆನಡಾ, ಆಸ್ಟ್ರೇಲಿಯಾದಲ್ಲಿ ನೆಲೆಸಿದ ನಮ್ಮವರು ನೋಡುವ ‘ಕ್ರೌನ್ ಲ್ಯಾಂಡ್’ ಕೂಡ ಸರ್ಕಾರಿ ಜಮೀನು, ರಾಜನ ಸ್ವಂತ ಆಸ್ತಿಯಲ್ಲ.

ಇನ್ನು ‘ಕ್ರೌನ್’ ಎಂಬ ಮಾತಿನ ಹುಟ್ಟು. ಗ್ರೀಕಿನ ‘ಕೊರೋನೆ’ ಎಂದರೆ ಬಾಗಿದ ವಸ್ತು: ಬಾಗಿಲ ಹಿಡಿ, ಬಿಲ್ಲಿನ ತುದಿಯ ಕೊಕ್ಕೆ. ಅದು ಲ್ಯಾಟಿನ್ನಿನಲ್ಲಿ ‘ಕೊರೋನಾ’ ಆಗಿ ತಲೆಗೆ ಸುತ್ತುವ ಹಾರವನ್ನು ಸೂಚಿಸಿತು. ರೋಮಿನಲ್ಲಿ ಯುದ್ಧದಲ್ಲಿ ಸಹ ನಾಗರಿಕನ ಪ್ರಾಣ ಉಳಿಸಿದವನಿಗೆ ಓಕ್ ಎಲೆಯ ಕೊರೋನಾ ಕೊಡುತ್ತಿದ್ದರು. ಚಿನ್ನಕ್ಕಿಂತ ಆ ಎಲೆಗೇ ಹೆಚ್ಚು ಮರ್ಯಾದೆ. ಮುಂದೆ ಫ್ರೆಂಚಿನ ಮೂಲಕ ಮಾತು ಇಂಗ್ಲೆಂಡಿಗೆ ಬಂತು. ನಮ್ಮಲ್ಲೂ ಅರಸುತನದ ಗುರುತಾಗಿದ್ದು ಹಣೆಗೆ ಕಟ್ಟುವ ಪಟ್ಟಿ, ಅಂದರೆ ಪಟ್ಟ. ‘ಪಟ್ಟಕ್ಕೆ ಬಂದ’ ಎನ್ನುವಾಗ ಆ ಪಟ್ಟಿ ಯಾರ ಕಣ್ಣಿಗೂ ಬರುವುದಿಲ್ಲ, ಪದವಿಯೇ ಬರುತ್ತದೆ. ಇಂಗ್ಲಿಷಿನ ಕ್ರೌನ್ ನಡೆದ ದಾರಿಯೂ ಅದೇ.

ಬ್ರಿಟನ್ನಿನ ಹಳೆಯ ನಾಣ್ಯವೊಂದರ ಹೆಸರೂ ಕ್ರೌನ್, ಬೆಲೆ ಐದು ಶಿಲ್ಲಿಂಗ್. ಸ್ವೀಡನ್ನಿನ ಕ್ರೋನಾ, ಜೆಕ್ ದೇಶದ ಕೊರುನಾ ಎಂಬ ಹಣದ ಹೆಸರುಗಳಿಗೂ ಇದೇ ಮೂಲ.

ಪುಸ್ತಕದ ಕ್ರೌನ್ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇವೆ, ಸ್ವಂತ ಖರ್ಚಿನಲ್ಲಿ ಪುಸ್ತಕ ತರುವವರಿಗೆ ಬೇಕಾದ ಸಂಗತಿ ಇದು. ಕಾಗದದ ಹಾಳೆಯಲ್ಲಿ ಕಿರೀಟದ ನೀರುಗುರುತು (ಬೆಳಕಿಗೆ ಹಿಡಿದರೆ ಕಾಣುವ ವಾಟರ್‌ಮಾರ್ಕ್) ಇರುತ್ತಿದ್ದುದರಿಂದ ಆ ಅಳತೆಗೇ ಆ ಹೆಸರು ನಿಂತಿತು. ಕ್ರೌನ್ ಹಾಳೆ 15×20 ಅಂಗುಲ. ಮೂರು ಸಲ ಮಡಿಸಿದರೆ 8 ಎಲೆ, 16 ಪುಟ. ಒಂದೊಂದು ಪುಟ 5×7½ ಅಂಗುಲ. ಅದೇ ಕ್ರೌನ್ 1/8. ಡಬಲ್ ಕ್ರೌನ್ ಎಂದರೆ 20×30 ಅಂಗುಲದ ಹಾಳೆ, ಅದರಲ್ಲಿ ಇಂಥ 32 ಪುಟ ಬರುತ್ತವೆ. ಬೈಂಡಿಂಗ್ ಆದ ಮೇಲೆ ಬೆನ್ನು ಬಿಟ್ಟು ಮೂರು ಕಡೆ ಅಂಗುಲದ ಎಂಟನೇ ಒಂದು ಭಾಗದಷ್ಟು ಅಂಚು ಕತ್ತರಿಸುತ್ತಾರೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಪುಟ ಕಟ್ಟಿದರೆ ಅಂಚಿನ ಬಿಳಿ ಜಾಗ ಕಿರಿದಾಗಿ, ಪುಟಸಂಖ್ಯೆ ಕತ್ತರಿಗೆ ಸಿಕ್ಕೀತು.

ಹೆಚ್ಚಾಗಿ ಆಗುವ ಎಡವಟ್ಟು ಇನ್ನೊಂದಿದೆ. ಕಂಪ್ಯೂಟರಿನಲ್ಲಿ ಎ5 ಅಳತೆಗೆ ಪುಟ ಕಟ್ಟಿ, ಕೊನೆಗೆ ‘ಕ್ರೌನ್‌ನಲ್ಲಿ ಮಾಡಿಕೊಡಿ’ ಎನ್ನುತ್ತಾರೆ. ಎ5 ಪುಟದ ಅಗಲ 148 ಮಿ.ಮೀ., ಕ್ರೌನ್ 1/8ರದು 127. ಪುಟವನ್ನು ಹಾಗೆಯೇ ಕುಗ್ಗಿಸಿದರೆ 12 ಪಾಯಿಂಟ್ ಅಕ್ಷರ ಸುಮಾರು 10ಕ್ಕೆ ಇಳಿಯುತ್ತದೆ. ಇಂಗ್ಲಿಷ್ ಹೇಗೋ ತಡೆದುಕೊಂಡೀತು. ಕನ್ನಡದಲ್ಲಿ ‘ಷ್ಟ್ರ’, ‘ಕ್ಷ್ಮ’ದಂಥ ಕಡೆ ಒತ್ತಕ್ಷರಗಳು ಮಸಿ ತುಂಬಿ ಮುದ್ದೆಯಾಗುತ್ತವೆ. ಪುಟ ಕಟ್ಟುವ ಮೊದಲೇ ಅಳತೆ ತೀರ್ಮಾನವಾಗಲಿ. ಒಟ್ಟು ಪುಟಗಳ ಲೆಕ್ಕವನ್ನೂ 16ರ ಮಗ್ಗಿಯಲ್ಲಿ ನೋಡಿಕೊಳ್ಳಿ. 128 ಪುಟ ಎಂದರೆ ಎಂಟು ಫಾರಂ (ಒಟ್ಟಿಗೆ ಅಚ್ಚಾಗುವ 16 ಪುಟಗಳ ಕಂತೆಗೆ ಒಂದು ಫಾರಂ), ಸರಿಹೋಯಿತು. 130 ಆದರೆ ಆ ಎರಡು ಪುಟಕ್ಕಾಗಿ ಇನ್ನೊಂದು ತುಂಡು ಫಾರಂ ಹೂಡಬೇಕು, ಖಾಲಿ ಪುಟ ಉಳಿಯುತ್ತದೆ. ಅದಕ್ಕಿಂತ ಮುನ್ನುಡಿಯಲ್ಲಿ ಎರಡು ಪುಟ ಕಡಿಮೆ ಮಾಡುವುದು ಮೇಲು.

ಹಲ್ಲಿನ ವಿಷಯ ಸರಳ. ಒಸಡಿನಿಂದ ಮೇಲೆ ಕಾಣುವ ಹಲ್ಲಿನ ಭಾಗಕ್ಕೇ ಕ್ರೌನ್ ಎಂದು ಹೆಸರು. ಅದನ್ನು ಸುತ್ತಲೂ ತುಸು ಉಜ್ಜಿ ತೆಗೆದು ಮೇಲೆ ಕೂರಿಸುವ ಕವಚಕ್ಕೂ ಅದೇ ಹೆಸರು ಬಂತು. ಸೋಡಾ ಬಾಟಲಿಯ ಹಲ್ಲುಹಲ್ಲಿನ ಮುಚ್ಚಳಕ್ಕೆ ಕ್ರೌನ್ ಕಾರ್ಕ್ ಎಂದು ಹೆಸರಾದದ್ದು ಆಕಾರದಿಂದ. ವಿಲಿಯಂ ಪೇಂಟರ್ 1892ರಲ್ಲಿ ಪೇಟೆಂಟ್ ಪಡೆದಾಗ ಅದಕ್ಕೆ 24 ಹಲ್ಲು, ಈಗ 21.

ಕೊರೊನಾ ವೈರಸ್ಸಿಗೂ ನಂಟಿದೆ, ಆದರೆ ರಾಜರ ಕಿರೀಟದಿಂದ ನೇರವಾಗಿ ಬಂದದ್ದಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ವೈರಸ್ಸಿನ ಸುತ್ತ ಮುಳ್ಳುಗಳ ಅಂಚು ಕಂಡಿತ್ತು. 1968ರಲ್ಲಿ ಜೂನ್ ಅಲ್ಮೇಡಾ ಮತ್ತು ಇತರ ವಿಜ್ಞಾನಿಗಳು ಈ ಗುಂಪಿಗೆ ಹೆಸರಿಡುವಾಗ ಅದನ್ನು ಹೋಲಿಸಿದ್ದು ಸೂರ್ಯನ ಕೊರೋನಾಕ್ಕೆ, ಅಂದರೆ ಪೂರ್ಣಗ್ರಹಣದಲ್ಲಿ ಸೂರ್ಯಬಿಂಬದ ಸುತ್ತ ಕಾಣುವ ಬೆಳಕಿನ ಬಳೆಗೆ.