ಕೆಗ್ ಬಿಯರ್‌ನಲ್ಲಿ ಬರೀ ನೊರೆ ಬಂದರೆ?

ಪ್ರಶ್ನೆ: ಪಾರ್ಟಿಗೆ 30 ಲೀಟರ್‌ನ ಕೆಗ್ (ಬಿಯರ್ ತುಂಬಿದ ಸ್ಟೀಲ್ ಪೀಪಾಯಿ) ತಂದು, ಎರಡು ಗಂಟೆ ಐಸ್ ಟಬ್‌ನಲ್ಲಿ ಇಟ್ಟಿದ್ದೆವು. ಆದರೂ ಲೋಟದಲ್ಲಿ ಮುಕ್ಕಾಲು ಪಾಲು ನೊರೆಯೇ. ಕೈಪಂಪ್ ಒತ್ತಿದಷ್ಟೂ ಜಾಸ್ತಿ ಆಯಿತು. ಮುಂದಿನ ತಿಂಗಳು ಮತ್ತೆ ಪಾರ್ಟಿ ಇದೆ. ಏನು ಮಾಡಲಿ?

ಉತ್ತರ: ಎರಡು ಗಂಟೆ ಸಾಲದು. ಹೊರಗಿನ ಸ್ಟೀಲ್ ಮುಟ್ಟಿದರೆ ಕೈ ಕೊರೆಯುತ್ತದೆ, ಆದರೆ ನಡುವಿನ ಬಿಯರ್ ಇನ್ನೂ ಬೆಚ್ಚಗೇ ಇರುತ್ತದೆ. ಬಿಯರ್ ತಣ್ಣಗಿದ್ದರೆ ಕಾರ್ಬನ್ ಡೈಆಕ್ಸೈಡ್ ಅದರಲ್ಲೇ ಕರಗಿ ಕೂರುತ್ತದೆ. ಬೆಚ್ಚಗಾದರೆ ನಲ್ಲಿ ತೆರೆದ ಕೂಡಲೇ ನುಗ್ಗಿ ಬರುತ್ತದೆ. 3–4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಲೇಬೇಕು.

ಹಾಗಾಗಿ ಕೆಗ್ಗನ್ನು ಹಿಂದಿನ ದಿನವೇ ತರಿಸಿ, ದೊಡ್ಡ ಫ್ರಿಜ್ಜಿನಲ್ಲಿ ರಾತ್ರಿಯೆಲ್ಲ ಇಡಿ. ಫ್ರಿಜ್ ಇಲ್ಲದಿದ್ದರೆ ಟಬ್‌ಗೆ ಬರೀ ಐಸ್ ತುಂಬಬೇಡಿ, ನೀರೂ ಹಾಕಿ. ಐಸ್ ತುಂಡುಗಳ ನಡುವಿನ ಗಾಳಿ ತಣ್ಣಗೆ ಮಾಡುವುದಿಲ್ಲ, ನೀರು ಕೆಗ್ಗನ್ನು ಸುತ್ತಲೂ ತಬ್ಬುತ್ತದೆ. ಮೇಲ್ಭಾಗಕ್ಕೂ ಐಸ್ ಪೇರಿಸಿ. ಪಾರ್ಟಿ ಮುಗಿಯುವವರೆಗೂ ಕರಗಿದಷ್ಟು ಮತ್ತೆ ಹಾಕುತ್ತಿರಿ.

ಪಂಪ್ ವಿಷಯದಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಗೆಳೆಯನ ತಾರಸಿಗೆ ಮೆಟ್ಟಿಲ ಮೇಲೆ ಕೆಗ್ ಹೊತ್ತು, ಏದುಸಿರು ಬಿಡುತ್ತಲೇ ನಲ್ಲಿ ಜೋಡಿಸಿದೆ. ನೊರೆ ಬಂತು. ಒತ್ತಡ ಸಾಲದೇನೋ ಅಂತ ಮತ್ತೆ ಮತ್ತೆ ಪಂಪ್ ಮಾಡಿದೆ. ಹಿರಿಯರೊಬ್ಬರು ನನ್ನ ಕೈ ಹಿಡಿದು ನಿಲ್ಲಿಸಿ, ನಲ್ಲಿಯ ಪಕ್ಕದ ಸಣ್ಣ ರಿಂಗ್ ಎಳೆದರು. ಬುಸ್ ಅಂತ ಗಾಳಿ ಹೊರಬಂತು. ಆಮೇಲೆ ಒಂದು ಗಂಟೆ ಯಾರೂ ಮುಟ್ಟದ ಹಾಗೆ ನೋಡಿಕೊಂಡರು. ಕುಲುಕಿದ ಕೆಗ್ಗಿಗೆ ಈ ವಿಶ್ರಾಂತಿ ಬೇಕೇ ಬೇಕು. ತುಂಬಿದ ಕೆಗ್‌ನಲ್ಲಿ ಮೊದಲ ಲೋಟಗಳಿಗೆ ಪಂಪೇ ಬೇಡ. ಧಾರೆ ಸಣ್ಣಗಾದಾಗ ಮಾತ್ರ ಎರಡು ಸಲ ಒತ್ತಿದರೆ ಸಾಕು.

ನಲ್ಲಿಯನ್ನು ಪೂರ್ತಿ ತೆರೆಯಿರಿ. ಅರ್ಧ ತೆರೆದರೆ ಸಣ್ಣ ಸಂದಿಯಲ್ಲಿ ಬಿಯರ್ ಚಿಮ್ಮಿ ನೊರೆಯಾಗುತ್ತದೆ. ಲೋಟವನ್ನು ತಣ್ಣೀರಿನಲ್ಲಿ ಅದ್ದಿ, ಓರೆಯಾಗಿ ಹಿಡಿದು ತುಂಬಿಸಿ, ಮುಕ್ಕಾಲು ಆದಮೇಲೆ ನೆಟ್ಟಗೆ ಮಾಡಿ. ಹೊರಗಿರುವ ಪೈಪ್ ಬಿಸಿಯಾಗಿರುವುದರಿಂದ ಮೊದಲ ಲೋಟ ಹೇಗೂ ನೊರೆಯೇ, ಅದಕ್ಕೆ ಗಾಬರಿ ಬೇಡ. ಪೈಪನ್ನೂ ಐಸ್ ಮೇಲೆ ಸುತ್ತಿಟ್ಟರೆ ಎರಡನೆಯದಕ್ಕೆ ಸರಿಹೋಗುತ್ತದೆ.

ಇನ್ನೊಂದು ಮಾತು. ಕೈಪಂಪ್ ಒಳಗೆ ತಳ್ಳುವುದು ಸುತ್ತಲಿನ ಗಾಳಿಯನ್ನೇ. ಅದರ ಆಮ್ಲಜನಕ ತಾಗಿ ಮರುದಿನಕ್ಕೆ ಬಿಯರ್ ರುಚಿ ಕೆಡುತ್ತದೆ. ಆ ರಾತ್ರಿ ಖಾಲಿ ಆಗುವುದಿಲ್ಲ ಅನ್ನಿಸಿದರೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಮತ್ತು ರೆಗ್ಯುಲೇಟರ್ ಬಾಡಿಗೆಗೆ ತನ್ನಿ. ತಣ್ಣನೆಯ ಕೆಗ್ಗಿಗೆ 10ರಿಂದ 12 ಪಿಎಸ್‌ಐ ಒತ್ತಡ ಇಟ್ಟು ಶುರುಮಾಡಿ.