ಪಾಟೀಲ ಅಂದರೆ ಮಹಾರಾಷ್ಟ್ರದವರೇ?

ಅಡ್ಡಹೆಸರು ಪಾಟೀಲ ಅಂತ ಇದ್ದ ಮಾತ್ರಕ್ಕೆ ನಿಮ್ಮ ಹಿರಿಯರು ಮಹಾರಾಷ್ಟ್ರದಿಂದ ಬಂದವರು ಅನ್ನಲಾಗದು. ಹುದ್ದೆಯ ಹೆಸರನ್ನು ಕುಲದ ಹೆಸರು ಅಂದುಕೊಂಡಿದ್ದರಿಂದ ಈ ಗೊಂದಲ. ಪಾಟೀಲ ಅಂದರೆ ಹಿಂದೆ ಊರಿನ ಮುಖ್ಯಸ್ಥ, ಕಂದಾಯ ವಸೂಲಿ ಅವನ ಹೊಣೆಯಾಗಿತ್ತು. ಹಳೇ ಮೈಸೂರಿನಲ್ಲಿ ಅವನೇ ಪಟೇಲ. ಅದಕ್ಕೇ ಲಿಂಗಾಯತ, ಜೈನ, ಮರಾಠ, ಮುಸ್ಲಿಮರು, ಎಲ್ಲರಲ್ಲೂ ಪಾಟೀಲರಿದ್ದಾರೆ. ಮಹಾರಾಷ್ಟ್ರದಲ್ಲಿ ಜಾಸ್ತಿ ಇದ್ದಾರೆ, ನಿಜ. ಆದರೆ ಉತ್ತರ ಕರ್ನಾಟಕದಲ್ಲೂ ಊರೂರಿಗೆ ಸಿಗುತ್ತಾರಲ್ವಾ?

ಮೊದಲು ಮನೆಯ ಹಿರಿಯರನ್ನು ಕೇಳಿ: ಮನೆದೇವರು ಯಾವುದು, ಪಾಟೀಲಕಿ (ಪಾಟೀಲನ ಹುದ್ದೆ) ಯಾವ ಊರಿನದು? ಮನೆದೇವರ ಊರು ಅಡ್ಡಹೆಸರಿಗಿಂತ ಒಳ್ಳೆಯ ಸುಳಿವು.

ಊರು ಗೊತ್ತಾದ ಮೇಲೆ ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ. ಹಳೆಯ ಪಹಣಿ ಜೊತೆಗೆ ವತನ ಜಮೀನಿನ (ಹುದ್ದೆಗಾಗಿ ಕೊಟ್ಟಿದ್ದ ಜಮೀನು) ಮರುಮಂಜೂರಾತಿ ಆದೇಶವನ್ನೂ ಕೇಳಿ. ರಾಜ್ಯದ 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು, ಆ ಜಮೀನನ್ನು ಹುದ್ದೆಯಲ್ಲಿದ್ದವರಿಗೆ ಮತ್ತೆ ಮಂಜೂರು ಮಾಡಲು ಅವಕಾಶ ಕೊಟ್ಟಿತು. ಆಗಿನ ಕಡತದಲ್ಲಿ ವಂಶಾವಳಿಯೂ ಇರಬಹುದು, ಖಾತ್ರಿ ಇಲ್ಲ.

ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯವರಾದರೆ ಇನ್ನೊಂದು ಮಾತು. 1956ರವರೆಗೆ ಅವು ಮುಂಬಯಿ ಆಡಳಿತದಲ್ಲಿದ್ದವು. ಹಳೆಯ ಕಾಗದ ಮೋಡಿ ಲಿಪಿಯಲ್ಲಿದ್ದರೆ (ಮರಾಠಿ ಬರೆಯಲು ಬಳಸುತ್ತಿದ್ದ ಹಳೆಯ ಲಿಪಿ) ಗಾಬರಿಯಾಗಬೇಡಿ, ಅದೂ ಮಹಾರಾಷ್ಟ್ರ ಮೂಲಕ್ಕೆ ಸಾಕ್ಷಿಯಲ್ಲ. ಮೋಡಿ ಓದಬಲ್ಲವರಿಗೆ ತೋರಿಸಿ, ಪಾಟೀಲಕ್ಕಿಂತ ಹಿಂದೆ ಬೇರೆ ಅಡ್ಡಹೆಸರು ಇತ್ತಾ ನೋಡಿಸಿ.