ಎರಡು ತಿಂಗಳ ನಾಯಿಮರಿಯ ಕ್ರೇಟ್ ಮನೆಯಲ್ಲಿ ಎಲ್ಲಿಡಬೇಕು?

ಧಾರವಾಡದ ನಿಮ್ಮ ಮನೆಯಲ್ಲಿ ಪಡಸಾಲೆ, ಮಲಗುವ ಕೋಣೆ, ಹಿತ್ತಲು ಈ ಮೂರರಲ್ಲಿ ಕ್ರೇಟಿಗೆ, ಅಂದರೆ ಮರಿ ಮಲಗುವ ಪಂಜರದಂಥ ಗೂಡಿಗೆ, ಯಾವುದು ಸರಿ ಎಂದು ಕೇಳಿದ್ದೀರಿ. ಹಗಲು ಪಡಸಾಲೆ, ರಾತ್ರಿ ನಿಮ್ಮ ಮಂಚದ ಪಕ್ಕ. ಹಿತ್ತಲು ಬೇಡವೇ ಬೇಡ.

ರಾತ್ರಿಯ ಜಾಗವೇ ಜಾಸ್ತಿ ಮುಖ್ಯ. ತಾಯಿಯ ಬೆಚ್ಚನೆ ಮೈ ಬಿಟ್ಟು ಈಗಷ್ಟೇ ಬಂದ ಕೂಸು ಅದು, ಅಲ್ವಾ? ನಿಮ್ಮ ಉಸಿರು ಕೇಳಿಸಿದರೆ, ವಾಸನೆ ಸಿಕ್ಕರೆ ಬೇಗ ಸಮಾಧಾನವಾಗುತ್ತದೆ. ಈ ವಯಸ್ಸಿನ ಮರಿ ಉಚ್ಚೆ ತಡೆಯುವುದು ಸುಮಾರು 2-3 ಗಂಟೆ ಮಾತ್ರ. ಪಕ್ಕದಲ್ಲೇ ಇದ್ದರೆ, ಕುಂಯ್‌ಗುಟ್ಟಿದ ಕೂಡಲೇ ಎದ್ದು ಬಚ್ಚಲಿಗೋ ಟೆರೇಸಿಗೋ ಎತ್ತಿಕೊಂಡು ಹೋಗಬಹುದು. ಕೆಲವು ವಾರ ಕಳೆದ ಮೇಲೆ ಕ್ರೇಟನ್ನು ಸ್ವಲ್ಪ ಸ್ವಲ್ಪವೇ ದೂರ ಸರಿಸಿ.

ಪಡಸಾಲೆಯಲ್ಲಿ ಒಂದು ಮೂಲೆ ಆರಿಸಿ. ಮನೆಮಂದಿ ಅದಕ್ಕೆ ಕಾಣಬೇಕು, ಆದರೆ ಓಡಾಡುವ ದಾರಿ, ಟಿವಿ ಪಕ್ಕ ಬೇಡ. ವೈರು ಬಾಯಿಗೆ ಸಿಗಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಕಿಟಕಿಯ ಬಿಸಿಲು ಕ್ರೇಟ್ ಮೇಲೆ ಬೀಳುತ್ತದೆಯೇ ಎಂದು ಮಧ್ಯಾಹ್ನ ನೋಡಿಕೊಳ್ಳಿ. ನಮ್ಮ ಕಡೆ ಜಿಟಿಜಿಟಿ ಮಳೆ ಹಿಡಿದರೆ ನೆಲ ಕೊರೆಯುತ್ತದೆ, ಹಳೆ ಕೌದಿ ಹಾಸಿ.

ಹಿತ್ತಲು ಯಾಕೆ ಬೇಡ ಅಂದರೆ, ಅಲ್ಲಿಗೆ ಬೀದಿನಾಯಿಗಳು ಬರಬಹುದು. ಲಸಿಕೆ ಪೂರ್ತಿಯಾಗದ ಮರಿಗೆ ಅವುಗಳಿಂದ ಪಾರ್ವೋ ಎಂಬ ವೈರಸ್ ರೋಗ ತಗುಲಿದರೆ ಜೀವಕ್ಕೇ ಕುತ್ತು.